ಟಾರ್ಚಪ್ಪನ ಬಹುವಚನ

ವಿವೇಕಿಗಳಾದ ವಾಚಕರು ಕ್ಷಮಿಸಬೇಕು. ಈ ಕಥೆ ಆರಂಭವಾಗುವ ಹೊತ್ತಿಗೆ ತೀರಿಕೊಂಡವನ ಬಲಗೈ ಕೋಟಿನ ತೋಳಿನೊಳಗೆ ಅರ್ಧಕ್ಕೆ ಸಿಕ್ಕಿಕೊಂಡಿದೆ. ಆದ್ದರಿಂದ ತಮ್ಮನ್ನು ಕುಳ್ಳಿರಿಸಿ, ಕುಶಲ ವಿಚಾರಿಸಿ, ವಂಶಾವಳಿಯಿಂದ ತೊಡಗುವಷ್ಟು ವ್ಯವಧಾನ ಕಥೆಗಾರನಿಗಿಲ್ಲ. ಕೋಟು ಕಡುಗೆಂಪು ಬಣ್ಣದ್ದು, ಎರಡು ಸಾಲು ಹಿತ್ತಾಳೆ ಗುಂಡಿಗಳದ್ದು. ಚಿತ್ರಮಂದಿರದ ಕತ್ತಲೆಯಲ್ಲಿ ಟಾರ್ಚು ಹಿಡಿದು ಜನರನ್ನು ಅವರವರ ಆಸನಕ್ಕೆ ಮುಟ್ಟಿಸುವ ಕೆಲಸದವರಿಗೆ ಕೊಡುವಂಥದು. ಒಂದು ಪಕ್ಕದಿಂದ ಪ್ರೊಜೆಕ್ಟರ್ ನಡೆಸುವ ರೀಲಣ್ಣ ಎಳೆಯುತ್ತಿದ್ದ; ಇನ್ನೊಂದು ಪಕ್ಕದಿಂದ ಸೀಟು ರಿಪೇರಿಯವನು ತಳ್ಳುತ್ತಿದ್ದ. ಕೈ ಮಾತ್ರ ಕೊರಡಿನಂತೆ ಬಿಗಿದು, ಮಣಿಯಲೊಲ್ಲದು.

"ಬದುಕಿದ್ದಾಗ ಮೊದಲನೇ ಬೆಲ್ಲಿಗೂ ಎರಡನೇ ಬೆಲ್ಲಿಗೂ ಮಧ್ಯೆ ಹಾಕ್ಕೊಂಡು ಬಂದ್ಬಿಡ್ತಿದ್ದ," ಎಂದ ರೀಲಣ್ಣ, ಬೆವರೊರೆಸಿಕೊಳ್ಳುತ್ತ. "ಈಗ ನೋಡು, ಹಠ."

"ಹಠ ಅಲ್ಲ ಕಣಣ್ಣ. ಶೋನೇ ಇಲ್ವಲ್ಲ, ಯಾಕೆ ಹಾಕ್ಕೊಳ್ಳಲಿ ಅಂತಿದಾನೆ."

ಗೋಡೆಗೊರಗಿ ಕುಳಿತಿದ್ದ ಚಿಕ್ಕಮ್ಮ ಎದ್ದು ಕತ್ತರಿ ಹುಡುಕಿದಳು. ನಲವತ್ತು ವರ್ಷ ಹೊಲಿಗೆಯಿಂದ ಹೊಟ್ಟೆ ಹೊರೆದವಳು. ಯಾವ ಬಟ್ಟೆ ಯಾವ ಮೈಗೆ ಹತ್ತುವುದಿಲ್ಲವೆಂದು ಕಣ್ಣಳತೆಯಲ್ಲೇ ಹೇಳಬಲ್ಲವಳು. ಬೆನ್ನಿಗೆ ಉದ್ದಕ್ಕೆ ಸೀಳಿ ಎರಡು ಕಡೆಯಿಂದ ತೊಡಿಸಿಬಿಡೋಣ, ಮಲಗಿದವನ ಬೆನ್ನು ನೋಡುವವರು ಯಾರು ಎಂದಳು. ಹಾಗೆನ್ನುತ್ತ ಬಾಗಿಲ ಕಡೆ ತಿರುಗಿದಳು. ಬಾಗಿಲಲ್ಲಿ ಬಿಳಿ ಹೂವಿನ ಗೊಂಚಲು ಹಿಡಿದು, ಒಳಗೆ ಕಾಲಿಡಲೋ ಬೇಡವೋ ಎಂಬಂತೆ ಮಗಳು ನಿಂತಿದ್ದಳು.

ಈ ಕಥೆ ಅವಳನ್ನು ಮಗಳೆಂದೇ ಕರೆಯುತ್ತದೆ. ತೀರಿಕೊಂಡವನಿಗೆ ಇದ್ದವಳು ಅವಳೊಬ್ಬಳೇ. ಕೋಣೆಯಲ್ಲಿದ್ದ ಮೂವರಿಗೂ ಅದು ಗೊತ್ತಿತ್ತು. ಗೊತ್ತಿಲ್ಲದಿದ್ದವನು ಅವಳ ಹಿಂದೆ, ಒಂದು ಮೆಟ್ಟಿಲು ಕೆಳಗೆ, ತಲೆ ತಗ್ಗಿಸಿ ನಿಂತಿದ್ದ ಅವಳ ಗಂಡನೊಬ್ಬನೇ. ಅವನು ವಕೀಲ, ನ್ಯಾಯಾಧೀಶರ ಮಗ. ಅವನು ತಿಳಿದಂತೆ ಅವನ ಹೆಂಡತಿ ಎಳವೆಯಲ್ಲೇ ತಬ್ಬಲಿಯಾಗಿ ಚಿಕ್ಕಮ್ಮನ ಕೈಯಲ್ಲಿ ಬೆಳೆದವಳು. ತೀರಿಕೊಂಡ ಟಾರ್ಚಪ್ಪ ಆ ಚಿಕ್ಕಮ್ಮನ ಪಕ್ಕದ ಮನೆಯ ಒಳ್ಳೆಯ ಮುದುಕ. ಮದುವೆಯಾಗಿ ಇಪ್ಪತ್ತಾರು ವರ್ಷವಾಗಿತ್ತು. ಸುಳ್ಳಿಗೆ ಅದಕ್ಕಿಂತ ಒಂದು ವರ್ಷ ಹೆಚ್ಚು ವಯಸ್ಸು.

ಸಾವಿನ ಸುದ್ದಿ ಅವಳಿಗೆ ಮುಟ್ಟಿದ ಬಗೆಯನ್ನೂ ಹೇಳಿಬಿಡಬೇಕು. ಕೆಲಸ ಬಿಟ್ಟು ಎಂಟು ವರ್ಷವಾದರೂ ದಿನಾ ಬಂದು ಕೊನೆಯ ಸಾಲಿನ ಕೊನೆಯ ಸೀಟಿನಲ್ಲಿ ಕೂರುವುದು ಟಾರ್ಚಪ್ಪನ ರೂಢಿ. ಹಿಂದಿನ ದಿನ ಮಧ್ಯಾಹ್ನದ ಆಟ ಮುಗಿದು ದೀಪ ಹತ್ತಿದಾಗ ಅವನು ಏಳಲಿಲ್ಲ. ಚಿಕ್ಕಮ್ಮ ಫೋನು ಮಾಡಿದಳು, ಎತ್ತಿದವನು ಗಂಡ. ಅವನು ಮೇಜಿಗೆ ಮರಳಿ, ಕುರ್ಚಿ ಎಳೆದುಕೊಂಡು, ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಹೇಳಿದ: "ನಿಮ್ಮ ಚಿಕ್ಕಮ್ಮನ ಪಕ್ಕದ ಮನೆಯೋರು, ಆ ಟಾರ್ಚಪ್ಪ, ಹೋಗ್ಬಿಟ್ರಂತೆ. ಪಾಪ. ಚಹಾ ಆರ್ತಾ ಇದೆ, ಕುಡಿ."

ಮಗಳು ಕುಡಿದಳು. ಪೂರ್ತಿ ಕುಡಿದಳು. ಬಟ್ಟಲು ತಟ್ಟೆಯ ಮೇಲೆ ಇಟ್ಟಾಗ ಸದ್ದು ಕೂಡ ಆಗಲಿಲ್ಲ. ಬಟ್ಟಲನ್ನು ಸದ್ದಾಗದಂತೆ ಇಡುವುದನ್ನು ಅವಳು ಬಹಳ ಕಷ್ಟಪಟ್ಟು ಕಲಿತಿದ್ದಳು.

ಚಿಕ್ಕಂದಿನಲ್ಲಿ ನಿನ್ನನ್ನು ನೋಡಿಕೊಂಡವರಲ್ಲವೇ, ಒಂದು ಗಳಿಗೆ ಹೋಗಿ ಬರೋಣ ಎಂದವನೂ ಗಂಡನೇ. ಹೂವು ಆರಿಸಿದವನೂ ಅವನೇ.

ಹೂವಿಗೆ ನೀರಿಡುವ ನೆಪದಲ್ಲಿ ಚಿಕ್ಕಮ್ಮ ಅವಳನ್ನು ಅಡುಗೆಮನೆಗೆ ಕರೆದೊಯ್ದಳು. ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಅಡುಗೆಮನೆ. ಒಂದೇ ತಟ್ಟೆ, ಒಂದೇ ಲೋಟ ಬೋರಲು ಹಾಕಿತ್ತು.

"ಸ್ಮಶಾನದ ಆಫೀಸಿನಲ್ಲಿ ಪುಸ್ತಕ ಇಟ್ಟಿದಾರೆ," ಎಂದಳು ಚಿಕ್ಕಮ್ಮ, ದನಿ ತಗ್ಗಿಸಿ. "ಹತ್ತಿರದೋರು ರುಜು ಹಾಕಬೇಕು. ಏನಾಗಬೇಕು ಅಂತ ಕೇಳ್ತಾರೆ."

"ನೀನೇ ಹಾಕು ಚಿಕ್ಕಮ್ಮ."

"ಹಾಕ್ತೀನಿ. ನಾದಿನಿ ಅಂತ ಹಾಕಿದ್ರೆ ಹೊರಗೆ ನಿಂತಿರೋ ನಿನ್ನ ವಕೀಲ ಕೂಡಿ ಕಳೆದು ನೋಡ್ತಾನೆ. ಅದಕ್ಕೆ ನೆರೆಯವಳು ಅಂತ ಹಾಕಬೇಕು. ಅಲ್ಲಿಗೆ ಅವನಿಗೆ ಹೆಂಡತಿಯೂ ಇರಲಿಲ್ಲ ಅಂತಾಯ್ತು. ಮಕ್ಕಳು ಅಂತ ಒಂದು ಕಾಲಮ್ ಇರುತ್ತೆ. ಅಲ್ಲೇನು ಬರೆಸಲಿ? ಇಲ್ಲ ಅಂತ ಬರೆಸಲಾ?"

ಮಗಳು ನಲ್ಲಿ ತಿರುಗಿಸಿದಳು, ನೀರು ಬರಲಿಲ್ಲ.

"ನಾನೂ ಆ ಸುಳ್ಳಿಗೆ ಹೊಲಿಗೆ ಹಾಕಿದೋಳೇ, ಇಲ್ಲ ಅನ್ನಲ್ಲ. ಆದ್ರೆ ಬಾಯಲ್ಲಿ ಆಡಿದ್ದು ಬೇರೆ, ಪುಸ್ತಕದಲ್ಲಿ ಬರೆಸಿದ್ದು ಬೇರೆ. ಮಣ್ಣು ಬಿದ್ದ ಮೇಲೆ ಬಿಚ್ಚಿ ಹೊಲಿಯೋಕಾಗಲ್ಲ ಕಣೇ."

*

ಆ ಚಿತ್ರಮಂದಿರದ ಮಾಲೀಕರಿಗೆ ಒಂದು ಹಳೆಯ ನಗೆಚಿತ್ರದ ಮೇಲೆ ಅತಿಯಾದ ಮೋಹವಿತ್ತು. ವರ್ಷಕ್ಕೊಂದು ವಾರ, ಜನ ಬರಲಿ ಬಿಡಲಿ, ಅದನ್ನು ಹಾಕಿಸಲೇಬೇಕು. ಕೈಗವಸು ಮಾರುವ ಅಂಗಡಿಯ ಹುಡುಗಿಯೊಬ್ಬಳು ಸಿರಿವಂತರ ಮನೆಯವಳೆಂದು ನಟಿಸಿ ದೊಡ್ಡಮನೆಯ ಹುಡುಗನನ್ನು ಒಲಿಸುವ ಕಥೆ. ಅವಳ ಅಪ್ಪ ಬಾಡಿಗೆ ಕುದುರೆಗಾಡಿಯವನು. ಮಗಳ ಆಟ ಕೆಡದಿರಲೆಂದು ಅವನು ಅವಳ ಸ್ವಂತ ಗಾಡಿಯವನ ವೇಷ ಹಾಕಿ, ಬಾಗಿ, ಬಾಗಿಲು ತೆರೆದು, 'ತಾವು ಎತ್ತ ದಯಮಾಡಿಸಬೇಕು' ಎನ್ನುತ್ತಾನೆ. ಕೊನೆಗೆ ತುಂಬಿದ ಸಭೆಯಲ್ಲಿ ಅವಳು ಮೆಟ್ಟಿಲ ಮೇಲೆ ಎಡವಿದಾಗ, ಅವನ ಬಾಯಿಂದ 'ನೋಡ್ಕೊಂಡು ನಡಿಯೇ ಮಗಳೇ' ಎಂಬ ಮಾತು ಜಾರುತ್ತದೆ. ಸಭೆ ಸ್ತಬ್ಧ. ಹುಡುಗನ ತಾಯಿ ಮೊದಲು ನಗುತ್ತಾಳೆ, ಆಮೇಲೆ ಎಲ್ಲರೂ. ಮದುವೆ, ಮಂಗಳ.

ಮಗಳು ಅದನ್ನು ಐದನೆಯ ವಯಸ್ಸಿನಿಂದ ನೋಡಿದಳು. ಚಿಕ್ಕಮ್ಮ ಹೊಲಿಗೆ ಕೆಲಸಕ್ಕೆ ಹೋದರೆ ತಾಯಿಯಿಲ್ಲದ ಮಗುವನ್ನು ಬಿಟ್ಟುಬರಲು ಟಾರ್ಚಪ್ಪನಿಗೆ ಬೇರೆ ಜಾಗವಿರಲಿಲ್ಲ. ಬಾಗಿಲ ಪಕ್ಕದ ಮಡಚು ಸೀಟು ಅವಳ ತೊಟ್ಟಿಲು, ಪಾಠಶಾಲೆ ಎರಡೂ ಆಯಿತು. ನಾಯಕಿ ಕತ್ತು ತಿರುಗಿಸುವುದನ್ನೂ, ಬಟ್ಟಲು ಹಿಡಿಯುವುದನ್ನೂ, 'ಧನ್ಯವಾದ' ಎನ್ನುವಾಗ ಧಕಾರಕ್ಕೆ ಎದೆಯಿಂದ ಒಂದಿಷ್ಟು ಉಸಿರು ತರುವುದನ್ನೂ ಅವಳು ಅಲ್ಲೇ ಕಲಿತಳು. ಅವರ ಗಲ್ಲಿಯಲ್ಲಿ ಮಹಾಪ್ರಾಣಕ್ಕೆ ಬಾಯಿ ದಂಡ ಮಾಡುವವರು ಯಾರೂ ಇರಲಿಲ್ಲ.

ಒಂದು ದಿನ ಇಂಟರ್ವಲ್ಲಿನಲ್ಲಿ ಟಾರ್ಚಪ್ಪ ಕೇಳಿದ್ದ: "ದೊಡ್ಡೋಳಾದ ಮೇಲೆ ನಿಂಗೆ ಏನಾಗಬೇಕು?"

"ಅವಳಾಗಬೇಕು."

"ಆಗು. ಗಾಡಿ ಹೊಡೆಯೋಕೆ ನಾನಿದೀನಿ."

ಅವಳು ಬೆಳೆದು, ಬೆರಳಚ್ಚು ಕಲಿತು, ಒಬ್ಬ ದೊಡ್ಡ ವಕೀಲರ ಕಚೇರಿಗೆ ಸೇರಿದಳು. ಮೊದಲ ದಿನ ಆ ಹಿರಿಯರು ತಲೆಯೆತ್ತದೆ ಕೇಳಿದರು, ತಂದೆಯವರು ಎಲ್ಲಾದರೂ ಆಫೀಸಿನಲ್ಲಿದ್ದಾರೆಯೇ ಎಂದು. ಅವಳು "ಇಲ್ಲ" ಎಂದಳು. ಆಫೀಸಿನಲ್ಲಿಲ್ಲ ಎಂಬುದು ಅವಳ ಮಾತಿನ ಅರ್ಥ. ಅವರು ತಲೆಯೆತ್ತಿ, ಅಯ್ಯೋ ಪಾಪ, ಎಂದಿನಿಂದ ಇಲ್ಲಮ್ಮ ಎಂದರು. ಆ ಕನಿಕರ ಎಷ್ಟು ಹಿತವಾಗಿತ್ತೆಂದರೆ, ಅವಳು ಒಂದು ವರ್ಷವನ್ನು ಊಹಿಸಿ ಹೇಳಿಬಿಟ್ಟಳು. ಕಾಗದಪತ್ರಗಳಲ್ಲಿ ತಂದೆಯ ನಿಜವಾದ ಹೆಸರೇ ಇತ್ತು, ಅದರಿಂದ ತೊಂದರೆಯಾಗಲಿಲ್ಲ; ಸತ್ತವರಿಗೂ ಹೆಸರಿರುತ್ತದೆ. ಆ ಹೆಸರಿನವನು ಚಿತ್ರಮಂದಿರದಲ್ಲಿ ಟಾರ್ಚು ಹಿಡಿದು ನಿಂತಿದ್ದಾನೆಂದು ಯಾರಿಗೂ ಗೊತ್ತಾಗುವಂತಿರಲಿಲ್ಲ, ಏಕೆಂದರೆ ಅಲ್ಲಿ ಅವನನ್ನು ಟಾರ್ಚಪ್ಪನೆಂದಲ್ಲದೆ ಬೇರೆ ಹೆಸರಿನಿಂದ ಕರೆದವರಿಲ್ಲ.

ಅದೇ ಕಚೇರಿಯ ಕಿರಿಯ ವಕೀಲ ಅವಳನ್ನು ಮೆಚ್ಚಿದ. ವರ್ಷ ಕಳೆದು, ಮದುವೆಯ ಮಾತುಕತೆಗೆ ಮೊದಲು ಅವನ ತಾಯಿ ಹುಡುಗಿಯನ್ನು ನೋಡಬೇಕೆಂದರು. ನೋಡುವ ಜಾಗ ಅದೇ ಚಿತ್ರಮಂದಿರದ ಬಾಲ್ಕನಿ, ಮಧ್ಯಾಹ್ನದ ಆಟ, ಅದೇ ನಗೆಚಿತ್ರ. ಬೇರೆ ಚಿತ್ರಮಂದಿರವೆನ್ನಲು ಅವಳಿಗೆ ಯಾವ ಕಾರಣವೂ ಹೊಳೆಯಲಿಲ್ಲ. ಹಿಂದಿನ ದಿನ ಅವಳು ಅಪ್ಪನಿಗೆ ಎಲ್ಲವನ್ನೂ ಹೇಳಿ ಅತ್ತಳು. ಅವನು ಕೋಟಿನ ಗುಂಡಿ ಉಜ್ಜುತ್ತ ಕೇಳಿಸಿಕೊಂಡು, ಇಷ್ಟೇ ತಾನೇ ಎಂದ.

ಮರುದಿನ ಅವನು ಮೆಟ್ಟಿಲ ಬಾಯಲ್ಲಿ ನಿಂತಿದ್ದ. ಹಿಮ್ಮುಖವಾಗಿ ನಡೆಯುತ್ತ, ಬೆಳಕನ್ನು ಕಾಲಿನ ಮುಂದೆ ಮಾತ್ರ ಬೀಳಿಸುತ್ತ, ಮೂವರನ್ನೂ ಮೇಲಕ್ಕೆ ಕರೆದೊಯ್ದ. ಭಾವೀ ಅತ್ತೆಯ ಸೀಟನ್ನು ಕೋಟಿನ ತೋಳಿನಿಂದ ಒರೆಸಿದ. ಆಮೇಲೆ ಮಗಳ ಸೀಟನ್ನೂ ಒರೆಸಿದ.

"ಕೂತ್ಕೊಳ್ಳಿ," ಎಂದ.

ಹುಟ್ಟಿದಂದಿನಿಂದ 'ಕೂತ್ಕೋ' ಎಂದ ಬಾಯಿ. ಆ ಒಂದು ಬಹುವಚನಕ್ಕೆ ಅವಳ ಮೈ ಜುಮ್ಮೆಂದಿತು. ಅದು ದುಃಖವಲ್ಲ, ಎಷ್ಟು ಚೆನ್ನಾಗಿ ಹೇಳಿದ ಎಂಬ ಮೆಚ್ಚುಗೆ. ಈ ಮೆಚ್ಚುಗೆಯನ್ನು ನೆನೆದಾಗಲೆಲ್ಲ ಅವಳಿಗೆ ಮುಂದೆ, ಕನ್ನಡಿಯೆದುರಿಗಿದ್ದರೆ, ಮುಖ ತಿರುಗಿಸಿಕೊಳ್ಳಬೇಕೆನಿಸುತ್ತಿತ್ತು. ಯಾರಿವರು, ಬಹಳ ಮರ್ಯಾದಸ್ಥರು ಎಂದು ಅತ್ತೆಯಾಗುವವರು ಕೇಳಿದಾಗ, ಅವಳು ಪರದೆಯತ್ತ ನೋಡುತ್ತಲೇ, ಟಾರ್ಚಪ್ಪ ಅಂತ, ನಮ್ಮ ಚಿಕ್ಕಮ್ಮನ ನೆರೆಯವರು ಎಂದಳು. ಗಾಡಿಯವನ ನಾಲಿಗೆ ಜಾರಿದ ದೃಶ್ಯಕ್ಕೆ ಬಾಲ್ಕನಿಯೆಲ್ಲ ನಕ್ಕಿತು. ಅತ್ತೆ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಮಗಳು ಮೆಲ್ಲನೆ ಹಿಂದೆ ತಿರುಗಿದಳು. ಬಾಗಿಲ ಬಳಿ ಟಾರ್ಚು ಆರಿಸಿಕೊಂಡು ನಿಂತವನು ನಗುತ್ತಿದ್ದನೋ ಇಲ್ಲವೋ, ಕತ್ತಲೆಯಲ್ಲಿ ಕಾಣಲಿಲ್ಲ.

*

ಹೆಣ ಸಾಗಿಸುವ ವ್ಯಾನು ಬರುವುದು ತಡವಾಯಿತು. ಗಂಡನಿಗೆ ಮನೆಯಲ್ಲಿದ್ದ ಒಂದೇ ಕುರ್ಚಿಯನ್ನು ಗಲ್ಲಿಯ ನೆರಳಿನಲ್ಲಿ ಹಾಕಿಕೊಟ್ಟಿದ್ದರು. ಅವನು ಸಂಕೋಚದಿಂದ ಅಂಚಿನಲ್ಲಿ ಕುಳಿತಿದ್ದ. ಸೀಟು ರಿಪೇರಿಯವನು ಸತ್ತವನ ಗುಣಗಾನಕ್ಕೆ ತೊಡಗಿದ್ದ. ಅವನ ಗುಣಗಾನವೆಂದರೆ ಅರ್ಧ ತಮಾಷೆ. ಕಾಲಿನ ಚಪ್ಪಲಿ ನೋಡಿದರೆ ಸಾಕು, ಯಾವ ಕ್ಲಾಸಿನ ಟಿಕೆಟ್ಟೆಂದು ಟಾರ್ಚಪ್ಪ ಹೇಳಿಬಿಡುತ್ತಿದ್ದನಂತೆ. ಎದುರು ಸೀಟಿನ ಮೇಲೆ ಕಾಲು ಚಾಚಿದವರ ಹತ್ತಿರ ಹೋಗಿ, ಸಾರ್, ತಮ್ಮ ಕಾಲು ಬೇರೆಯವರ ಸೀಟಿನಲ್ಲಿ ಮರೆತುಹೋಗಿದೆ ಎನ್ನುತ್ತಿದ್ದನಂತೆ.

"ಜೋಡಿ ನೋಡಿದ ತಕ್ಷಣ ಮದುವೆಯಾಗಿದೆಯಾ ಇಲ್ವಾ ಅಂತ ಹೇಳೋನು ಸಾರ್. ಆದೋರು ಸಿನಿಮಾ ನೋಡ್ತಾರೆ, ಆಗದೋರು ನನ್ನ ಸೀಟು ಹರೀತಾರೆ."

ಗಂಡ ನಕ್ಕ. ನಕ್ಕದ್ದು ಸಾವಿನ ಮನೆಯಲ್ಲೆಂಬುದು ನೆನಪಾಗಿ, ಗಂಭೀರನಾಗಿ ರೀಲಣ್ಣನ ಕಡೆ ತಿರುಗಿ, ಅವರಿಗೆ ಮಕ್ಕಳಿರಲಿಲ್ಲವೇ ಎಂದು ಕೇಳಿದ.

ರೀಲಣ್ಣ ಬೀಡಿ ಹಚ್ಚಲು ಹೋಗಿ, ಬಿಟ್ಟು, ಅದನ್ನು ಕಿವಿಯ ಹಿಂದೆ ಸಿಕ್ಕಿಸಿದ. "ಥಿಯೇಟರಿಗೆ ಬಂದೋರೆಲ್ಲ ಅವನ ಮಕ್ಕಳೇ ಸಾರ್," ಎಂದ. ಗೋಡೆಯ ಪಕ್ಕ ನಿಂತಿದ್ದ ಮಗಳ ಕಡೆ ಅವನು ನೋಡಲಿಲ್ಲ. ನೋಡಬಾರದೆಂದು ಟಾರ್ಚಪ್ಪ ಅವರೆಲ್ಲರಿಂದ ಭಾಷೆ ತೆಗೆದುಕೊಂಡಿದ್ದ. ಸತ್ತರೂ ಆ ಭಾಷೆ ನಡೆಯುತ್ತಿತ್ತು. ತನ್ನ ಸುಳ್ಳನ್ನು ಇಷ್ಟು ಜನ, ಇಷ್ಟು ವರ್ಷ, ಕೂಲಿಯಿಲ್ಲದೆ ಹೊತ್ತಿದ್ದಾರೆಂಬುದು ಅವಳಿಗೆ ಆಗ ಹೊಳೆಯಿತು. ಅವಳು ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆಯುತ್ತ ನಿಂತಳು.

ವ್ಯಾನು ಬಂತು. ಶವಪೆಟ್ಟಿಗೆಯ ಜೊತೆ ಚಿಕ್ಕಮ್ಮ, ರೀಲಣ್ಣ, ಸೀಟು ರಿಪೇರಿಯವನು ಮೂವರೂ ಹತ್ತಿದರು. ಅವಳಿಗೆ ಗಂಡ ಕಾರಿನ ಬಾಗಿಲು ತೆರೆದು ಹಿಡಿದ.

*

ಅವಳಿಗೆ ಮಗ ಹುಟ್ಟಿದ ವರ್ಷ ಟಾರ್ಚಪ್ಪ ಒಮ್ಮೆ ಅವಳ ಗಂಡನ ಮನೆಗೆ ಬಂದಿದ್ದ. ಅದೊಂದೇ ಸಲ. ಮುರಿದ ಬಾಲ್ಕನಿ ಸೀಟಿನ ಮರ ಮತ್ತು ಕೆಂಪು ರೆಕ್ಸಿನ್ನಿನಿಂದ ಮಗುವಿಗೊಂದು ಪುಟ್ಟ ಕುರ್ಚಿ ಮಾಡಿಸಿ, ಹೆಗಲ ಮೇಲಿಟ್ಟುಕೊಂಡು, ಊರಾಚೆಯಿಂದ ನಡೆದು ಬಂದಿದ್ದ. ಅಂದು ಮುಂದಿನ ಕೋಣೆಯಲ್ಲಿ ಮಾವನನ್ನು ನೋಡಲು ದೊಡ್ಡ ದೊಡ್ಡವರು ಬಂದಿದ್ದರು. ಗೇಟಿನ ಬಳಿ ನಿಂತ ಮುದುಕನನ್ನು ಕಿಟಕಿಯಿಂದ ಕಂಡ ಗಂಡ, ಅವಸರದಲ್ಲಿ, ಬೇರೇನೂ ಕೆಟ್ಟ ಭಾವನೆಯಿಲ್ಲದೆ, ಹೊರಗೆ ಹೋಗಿ ಹಿತ್ತಲ ಬಾಗಿಲಿಗೆ ಬನ್ನಿ ಎಂದು ಕೈ ತೋರಿಸಿದ.

ಮಗಳು ಹಿತ್ತಲ ಬಾಗಿಲು ತೆರೆದಳು. ಅವನು ಕುರ್ಚಿ ಇಳಿಸಿ, ಹೊಸಿಲಾಚೆ ನಿಂತೇ, "ಚೆನ್ನಾಗಿದೀರಾ?" ಎಂದ.

ಅವಳು ಹಿಂದೆ ಮುಂದೆ ನೋಡಿದಳು. ಅಡುಗೆಯವಳು ಕೂಡ ಒಳಗಿದ್ದಳು. "ಅಪ್ಪ, ಯಾರೂ ಇಲ್ಲ ಇಲ್ಲಿ. 'ನೀನು' ಅನ್ನು."

"ಬೇಡ. ಅಬ್ಯಾಸ ತಪ್ಪಿದ್ರೆ ನಾಲಿಗೆ ಜಾರುತ್ತೆ."

"ಒಂದ್ಸಲ."

"ಆ ಗಾಡಿಯೋನು ಜಾರಿದ್ದೂ ಒಂದೇ ಸಲ. ಅಲ್ಲಿ ನಗೋರಿದ್ರು. ಇಲ್ಲಿ ಯಾರು ನಗ್ತಾರೆ, ನೀವೇ ಹೇಳಿ."

ಒಳಗಿಂದ ಅತ್ತೆ ಯಾರದು ಎಂದು ಕೂಗಿದಾಗ ಅವಳ ಬಾಯಿ ತಾನಾಗಿ, ಯಾರೂ ಇಲ್ಲ ಎಂದಿತು. ಟಾರ್ಚಪ್ಪ ತಲೆಯಾಡಿಸಿದ, ಸರಿಯಾದ ಉತ್ತರ ಹೇಳಿದ ಮಗುವಿಗೆ ಆಡಿಸುವಂತೆ. ಮಗುವನ್ನು ತೋರಿಸೆಂದು ಅವನು ಕೇಳಲಿಲ್ಲ. ಮಲಗಿರಬೇಕು, ಎಬ್ಬಿಸಬೇಡಿ ಎಂದು ಅವನೇ ಹೇಳಿ ಹೊರಟ. ಮಗು ಎದ್ದೇ ಇತ್ತು. ಅದರ ಕೇಕೆ ಅಲ್ಲಿಗೂ ಕೇಳಿಸುತ್ತಿತ್ತು.

ಚಿಕ್ಕಮ್ಮನನ್ನು ನೋಡಲೆಂದು ಅವಳು ಎರಡು ತಿಂಗಳಿಗೊಮ್ಮೆ ಗಲ್ಲಿಗೆ ಹೋದಾಗಲೆಲ್ಲ ಅವನು ಪಕ್ಕದ ಮನೆಯವನಂತೆ ಬಂದು, ಬ್ಯಾಗು ಒಳಗಿಟ್ಟು, ನೀವು ಸೊರಗಿದೀರಿ ಎಂದೋ, ನೀವು ಬಿಸಿಲಲ್ಲಿ ಬರಬಾರದಿತ್ತು ಎಂದೋ ಹೇಳಿ ಹೋಗುತ್ತಿದ್ದ. ಅವಳೂ ಅವನನ್ನು ನೀವು ಎಂದೇ ಮಾತಾಡಿಸುತ್ತಿದ್ದಳು. ಮೊದಮೊದಲು ಅವಳು ಅವನ ನಾಲಿಗೆ ಜಾರೀತೆಂದು ಹೆದರಿದಳು. ಆಮೇಲೆ ಜಾರಲಿ ಎಂದು ಕಾದಳು. ಅವನು ಜಾರಿದರೆ ತಾನು ಏನನ್ನೂ ಮಾಡಬೇಕಿರಲಿಲ್ಲ. ಎಲ್ಲ ತನ್ನಿಂತಾನೇ ಬಯಲಾಗುತ್ತಿತ್ತು. ಇಪ್ಪತ್ತಾರು ವರ್ಷ ಅವನು ಜಾರಲಿಲ್ಲ. ಅದಕ್ಕಾಗಿ ಅವಳು ಅವನ ಮೇಲೆ ಸಿಟ್ಟು ಕೂಡ ಮಾಡಿಕೊಂಡಿದ್ದಳು ಎಂಬುದನ್ನು ಹೇಳದಿದ್ದರೆ ಈ ಕಥೆ ಅವಳನ್ನು ಬಚ್ಚಿಟ್ಟಂತಾಗುತ್ತದೆ.

*

ಸ್ಮಶಾನದ ಕಚೇರಿಯೆಂದರೆ ಒಂದು ಮೇಜು, ಒಂದು ಬೆಂಚು, ಕನ್ನಡಕದ ಕಡ್ಡಿಗೆ ದಾರ ಸುತ್ತಿಕೊಂಡ ಒಬ್ಬ ಗುಮಾಸ್ತ. ಹೊರಗೆ ವ್ಯಾನಿನ ಬಾಗಿಲು ತೆರೆದಿತ್ತು. ಪೆಟ್ಟಿಗೆಯ ತುದಿ ಕಾಣುತ್ತಿತ್ತು. ಗುಮಾಸ್ತ ದೊಡ್ಡ ಪುಸ್ತಕದ ಹಾಳೆ ಮಗುಚಿ, ಡಾಕ್ಟರ ಕಾಗದವನ್ನು ಪೇಪರ್‌ವೇಟಿನ ಕೆಳಗಿಟ್ಟು, ಹತ್ತಿರದವರು ಯಾರು ಎಂದು ಕೇಳಿದ.

ರೀಲಣ್ಣ ತನ್ನ ಕಾಲ ಬೆರಳು ನೋಡಿಕೊಂಡ. ಸೀಟು ರಿಪೇರಿಯವನು ಬೆಂಚಿನ ಹರಿದ ರೆಕ್ಸಿನ್ನನ್ನು ರೂಢಿಬಲದಿಂದ ಬೆರಳಿನಲ್ಲಿ ಒಳಗೆ ತುರುಕಿದ. ಚಿಕ್ಕಮ್ಮ ಮೊಣಕಾಲು ಹಿಡಿದುಕೊಂಡು, ನಿಧಾನವಾಗಿ, ಬೇಕೆಂದೇ ನಿಧಾನವಾಗಿ ಎದ್ದಳು. ಒಂದೊಂದು ಹೆಜ್ಜೆಗೂ ಮಗಳ ಮುಖ ನೋಡುತ್ತ ಬಂದು ಪೆನ್ನಿಗೆ ಕೈ ಚಾಚಿದಳು.

"ನಾನು," ಎಂದಳು ಮಗಳು.

"ಏನಾಗಬೇಕು?"

"ಮಗಳು."

ಹೇಳಿದ್ದಾಯಿತು. ಇಪ್ಪತ್ತೇಳು ವರ್ಷದ ಕಟ್ಟೆ ಒಡೆದರೆ ಭೋರೆಂದು ಏನೋ ಆಗಬೇಕೆಂದು ಅವಳು ಕಣ್ಣು ಮುಚ್ಚಿ ನಿಂತಳು. ಆದದ್ದಿಷ್ಟೇ: ಗಂಡ ಮುಂದೆ ಬಂದು ಅವಳ ಭುಜದ ಮೇಲೆ ಮೆಲ್ಲನೆ ಕೈಯಿಟ್ಟ.

"ಮಗಳ ಥರ ಅಂತ," ಎಂದ ಗುಮಾಸ್ತನಿಗೆ, ಬಹಳ ಮೃದುವಾಗಿ. "ಚಿಕ್ಕಂದಿನಿಂದ ನೋಡಿಕೊಂಡೋರು. ಇವಳಿಗೆ ತಂದೆ ತಾಯಿ ಇಲ್ಲ."

ಗುಮಾಸ್ತ ಕನಿಕರದಿಂದ ತಲೆಯಾಡಿಸಿ ಬರೆದ. ದುಂಡಗಿನ ಅಕ್ಷರ: ಮಗಳ ಸಮಾನ.

ನಗೆಚಿತ್ರದಲ್ಲಿ ನಿಜ ಒಂದೇ ಸಲ ಬಾಯಿಂದ ಬಿದ್ದಿತ್ತು, ಸಭೆಯೆಲ್ಲ ನಂಬಿತ್ತು. ಇಲ್ಲಿ ನಿಜ ಬಂದು ನಿಂತರೂ ಅದನ್ನು ಎಲ್ಲರೂ ಮರ್ಯಾದೆಯ ಮಾತೆಂದುಕೊಂಡರು. ತಾನು ಸುಳ್ಳನ್ನು ಎಷ್ಟು ಅಚ್ಚುಕಟ್ಟಾಗಿ ಕಟ್ಟಿದ್ದೇನೆಂಬುದು ಅವಳಿಗೆ ಗೊತ್ತಾದದ್ದು ಆಗ. ಈಗ ಸುಮ್ಮನಾದರೂ ಆಗುತ್ತಿತ್ತು. ಹೇಳಿದೆನಲ್ಲ ಎಂದು ಮನಸ್ಸಿಗೆ ಸಮಾಧಾನ. ಕೇಳಲಿಲ್ಲವಲ್ಲ ಎಂದು ಸಂಸಾರಕ್ಕೂ ಸಮಾಧಾನ. ಎರಡು ಉಸಿರಿನಷ್ಟು ಹೊತ್ತು ಅವಳು ಆ ಸಮಾಧಾನದಲ್ಲಿ ನಿಂತೇ ಇದ್ದಳು. ಅದನ್ನು ಚಿಕ್ಕಮ್ಮ ಕಂಡಳು.

"ಥರ ಅಲ್ಲ," ಎಂದಳು ಮಗಳು ಕೊನೆಗೆ.

"ಸರಿ, ಸರಿ. ನೀನು ಸ್ವಲ್ಪ ಕೂತ್ಕೋ," ಎಂದ ಗಂಡ.

"ಥರ ಅಲ್ಲ. ಆ ಕಾಗದದಲ್ಲಿ ಹೆಸರು ನೋಡಿ."

ಅವನು ಅವಳ ಸಮಾಧಾನಕ್ಕೆಂದು ಪೇಪರ್‌ವೇಟು ಸರಿಸಿ ಡಾಕ್ಟರ ಕಾಗದ ಎತ್ತಿಕೊಂಡ. ಕಾಗದ ಓದುವುದು ಅವನ ವೃತ್ತಿ. ಒಮ್ಮೆ ಓದಿ, ಮತ್ತೆ ಮೇಲಿನಿಂದ ಓದಿದ. ಆ ಹೆಸರನ್ನು ಅವನು ತನ್ನ ಮದುವೆಯ ದಾಖಲೆಯಲ್ಲಿ ತನ್ನ ಕೈಯಾರೆ ಬರೆದಿದ್ದ, 'ದಿವಂಗತ' ಎಂಬ ಪದದ ಮುಂದೆ. ಅವನ ಕೈ ಅವಳ ಭುಜದಿಂದ ಯಾವಾಗ ಇಳಿಯಿತೋ ಇಬ್ಬರಿಗೂ ತಿಳಿಯಲಿಲ್ಲ.

ಗುಮಾಸ್ತನಿಗೆ ಹೊರಗೆ ಇನ್ನೊಂದು ವ್ಯಾನು ಬಂದ ಸದ್ದು ಕೇಳಿಸಿತು. ಕೋಟು ಹಾಕಿದ್ದ ಗಂಡನೇ ಇಲ್ಲಿ ಹಿರಿಯನೆಂದು ಅವನ ಕಡೆ ತಿರುಗಿ ಕೇಳಿದ: "ಸಮಾನ ಇರಲಾ ಸಾರ್, ಹೊಡೆದು ಹಾಕಲಾ?"

ಗಂಡ ಕಾಗದವನ್ನು ಮೂರನೆಯ ಸಲ ಮೇಲಿನಿಂದ ಓದತೊಡಗಿದ.

"ಹೊಡೆದು ಹಾಕಿ," ಎಂದಳು ಮಗಳು.

ಗುಮಾಸ್ತ ಸ್ಕೇಲಿಟ್ಟು ನೇರವಾಗಿ ಒಂದು ಗೆರೆ ಎಳೆದ. 'ಮಗಳ' ಎಂಬುದಕ್ಕೆ ಕೊಂಬು ಕೊಟ್ಟು 'ಮಗಳು' ಮಾಡಿದ. ತಿದ್ದಿದ ಕಡೆ ಇನ್ನೊಂದು ರುಜು ಬೇಕು, ಇಲ್ಲದಿದ್ದರೆ ಮೇಲಿನವರು ಒಪ್ಪುವುದಿಲ್ಲ ಎಂದ. ಅವಳು ಎರಡು ಸಲ ರುಜು ಹಾಕಿದಳು.

ಹೊರಗೆ ಬಂದ ಮೇಲೆ ಗಂಡ ವ್ಯಾನಿನಿಂದ ನಾಲ್ಕು ಮಾರು ದೂರ ನಿಂತ. ಸುಳ್ಳೇಕೆ ಹೇಳಿದೆ ಎಂದು ಅವನು ಕೇಳುತ್ತಾನೆಂದು ಅವಳು ಇಷ್ಟು ವರ್ಷವೂ ಉತ್ತರಗಳನ್ನು ಕೂಡಿಟ್ಟಿದ್ದಳು. ಬಡತನದ್ದೊಂದು, ವಯಸ್ಸಿನದ್ದೊಂದು, ಅತ್ತೆಯ ಹೆದರಿಕೆಯದ್ದೊಂದು. ಅವನು ಅದನ್ನು ಕೇಳಲಿಲ್ಲ.

"ಅವತ್ತು ಹಿತ್ತಲ ಬಾಗಿಲಿಗೆ ಬನ್ನಿ ಅಂದೋನು ನಾನು," ಎಂದ.

"ಹೌದು."

"ನನ್ನ ಕೈಲಿ ಯಾಕೆ ಅದನ್ನ ಮಾಡಿಸ್ದೆ?"

ಕೂಡಿಟ್ಟ ಉತ್ತರಗಳಲ್ಲಿ ಯಾವುದೂ ಇದಕ್ಕೆ ಹೊಂದಲಿಲ್ಲ. ಅವನು ಕರವಸ್ತ್ರ ತೆಗೆದು, ಮುಖ ಒರೆಸದೆ, ಮತ್ತೆ ಜೇಬಿಗಿಟ್ಟುಕೊಂಡ. ಆಮೇಲೆ ವ್ಯಾನಿನ ಬಳಿ ಹೋಗಿ, ಸೀಟು ರಿಪೇರಿಯವನನ್ನು ಸರಿಯಲು ಹೇಳಿ, ಪೆಟ್ಟಿಗೆಯ ಒಂದು ಮೂಲೆಗೆ ಹೆಗಲು ಕೊಟ್ಟ. ಭಾರ ಹೊತ್ತು ಗೊತ್ತಿಲ್ಲದ ಹೆಗಲು. ಪೆಟ್ಟಿಗೆ ಆ ಮೂಲೆಯಲ್ಲಿ ಬಾಗಿಯೇ ಸಾಗಿತು.

ಗುಂಡಿಯ ಬಳಿ ಹೆಚ್ಚು ಹೊತ್ತಾಗಲಿಲ್ಲ. ಹಗ್ಗ ಇಳಿಯಿತು, ಸಡಿಲವಾಯಿತು, ಮೇಲೆ ಬಂತು. ಕೊನೆಯ ಮಾತು ಹೇಳುವವರಿದ್ದರೆ ಹೇಳಿ ಎಂದು ಅಗೆಯುವವನು ಸನಿಕೆ ಊರಿ ನಿಂತ. ಎಲ್ಲರೂ ಅವಳಿಗೆ ದಾರಿ ಬಿಟ್ಟರು. ಮಗಳು ಅಂಚಿಗೆ ಬಂದು, ಒಂದು ಹಿಡಿ ಮಣ್ಣೆತ್ತಿ, ಬಾಯಿ ತೆರೆದಳು. ಹೇಳಬೇಕಾದದ್ದು ಎರಡೇ ಮಾತು, ಯಾವ ಮಗಳಾದರೂ ಹೇಳುವಂಥದು. ಆದರೆ ಇಪ್ಪತ್ತಾರು ವರ್ಷ ಒಂದೇ ಪಾಠ ಒಪ್ಪಿಸಿದ್ದ ನಾಲಿಗೆ ಅವಳ ಅಪ್ಪಣೆಗೆ ಕಾಯಲಿಲ್ಲ.

"ಹೋಗ್ಬನ್ನಿ," ಎಂದಿತು.

ರೀಲಣ್ಣ ಮುಖ ಆಚೆ ತಿರುಗಿಸಿದ. ಅವಳು ತುಟಿಯ ಮೇಲೆ ಮಣ್ಣಿನ ಕೈಯನ್ನೇ ಒತ್ತಿ ಹಿಡಿದಳು. ಇನ್ನೊಮ್ಮೆ ಹೇಳಿ ತಿದ್ದಲು ಕೈ ತೆಗೆಯುವಷ್ಟರಲ್ಲಿ ಅಗೆಯುವವನು ಮಾತು ಮುಗಿಯಿತೆಂದುಕೊಂಡು ಮಣ್ಣು ಎಳೆಯತೊಡಗಿದ.

ಹಿಂದಿರುಗುವಾಗ ವ್ಯಾನು ಇರಲಿಲ್ಲ. ಅದಕ್ಕೆ ಬೇರೆ ಬಾಡಿಗೆ ಇತ್ತು. ಗಂಡ ಕಾರಿನಲ್ಲಿ ಒಬ್ಬನೇ ಕುಳಿತು, ಎಂಜಿನ್ ಚಾಲೂ ಮಾಡಿ, ಮುಂದೆ ನೋಡುತ್ತ ಕಾದ. ಬಾಗಿಲು ತೆರೆದು ಹಿಡಿಯಲಿಲ್ಲ, ಹೊರಟೂ ಹೋಗಲಿಲ್ಲ. ಮಗಳು ಕಾರಿನ ಪಕ್ಕದಲ್ಲೇ ಹಾದು, ಚಿಕ್ಕಮ್ಮನ ಕೈ ಹಿಡಿದು, ರೀಲಣ್ಣ ಮತ್ತು ಸೀಟು ರಿಪೇರಿಯವನ ಹಿಂದೆ ರಸ್ತೆಗಿಳಿದಳು. ಬಿಸಿಲು ನೆತ್ತಿಗೇರಿತ್ತು. ಒಂದು ಕಡೆ ಗೋಡೆ, ಇನ್ನೊಂದು ಕಡೆ ಚರಂಡಿ. ನಡುವೆ ಒಂದು ಗಾಡಿ ಹೋಗುವಷ್ಟೇ ದಾರಿ.

"ಪಕ್ಕಕ್ಕೆ ಬಾರೇ, ಹಿಂದೆ ಬರ್ತಿದಾನೆ," ಎಂದಳು ಚಿಕ್ಕಮ್ಮ.

ಮಗಳು ಪಕ್ಕಕ್ಕೆ ಬರಲಿಲ್ಲ. ತಿರುಗಿಯೂ ನೋಡಲಿಲ್ಲ.

ಆಮೇಲೇನಾಯಿತೆಂದು ವಾಚಕರು ಕಥೆಗಾರನ ತೋಳು ಹಿಡಿದು ಕೇಳಬಹುದು. ಅವನಿಗೂ ತಿಳಿಯದು. ಊರೂರು ತಿರುಗಿ ಕಥೆ ಹೇಳುವ ಅವನ ಹಾಸಿಗೆ ಸುತ್ತಿದ್ದಾಯಿತು, ಚೀಲದ ಬಾಯಿಗೆ ಹಗ್ಗ ಬಿಗಿದದ್ದಾಯಿತು. ಮುಂದಿನ ಊರಿನ ಬಸ್ಸು ತಿರುವಿನಲ್ಲಿ ಹೊಗೆಯುಗುಳುತ್ತ ನಿಂತಿದೆ, ಹತ್ತಿ ಕೂರಬೇಕು. ಕಿಟಕಿಯಿಂದ ಕಂಡದ್ದಿಷ್ಟು: ಮುಂದೆ ಇಬ್ಬರು, ಅವರ ಹಿಂದೆ ಇಬ್ಬರು ಹೆಂಗಸರು, ದಾರಿಯ ನಟ್ಟನಡುವೆ, ನಡೆದಷ್ಟು ನಿಧಾನಕ್ಕೆ. ಅವರ ಹಿಂದೆ ಮಾರು ದೂರದಲ್ಲಿ ಒಂದು ದೊಡ್ಡ ಕಾರು, ಅಷ್ಟೇ ನಿಧಾನಕ್ಕೆ. ಅದರ ಹಿಂದೆ ಸಾಲುಗಟ್ಟಿದ ಗಾಡಿಗಳೆಲ್ಲ ಬಿಡದೆ ಹಾರ್ನ್ ಬಾರಿಸುತ್ತಿವೆ. ಆ ಒಂದು ಕಾರು ಮಾತ್ರ ಬಾರಿಸುತ್ತಿಲ್ಲ.